ಕಣ್ಣು ತೆರೆಯದ ಗೌರಿ

ಶಿಷ್ಯನು ಕೇಳಿದನು: "ಗುರುಗಳೇ, ನಾಳೆ ನಮ್ಮ ಮನೆಯಲ್ಲಿ ಗೌರಿಪೂಜೆ. ಗಂಡನನ್ನು ಕಳೆದುಕೊಂಡ ನನ್ನ ಅಕ್ಕ, ದೇವರ ಮುಂದೆ ಬರುವುದಿಲ್ಲ, ಅಡುಗೆಮನೆಯಲ್ಲೇ ಇರುತ್ತೇನೆ ಎನ್ನುತ್ತಾಳೆ. ಅವಳೇ ಹಾಗೆಂದ ಮೇಲೆ ನಮ್ಮದೇನು ದೋಷ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಚಿತ್ರಕಾರನಿದ್ದನು. ದೇವದೇವಿಯರ ಚಿತ್ರ ಬರೆಯುವುದು ಅವನ ಮನೆತನದ ಕಸುಬು. ಅವನ ಮಗಳು ಸಣ್ಣ ವಯಸ್ಸಿನಲ್ಲೇ ವಿಧವೆಯಾಗಿ ತವರಿಗೆ ಬಂದಿದ್ದಳು. ಹಲಗೆಗೆ ಬಟ್ಟೆ ಅಂಟಿಸುವುದು, ಬಣ್ಣ ಅರೆಯುವುದು, ಚಿನ್ನದ ರೇಕು ಕೂರಿಸಿ ಉಜ್ಜುವುದು ಎಲ್ಲ ಅವಳದೇ. ಆ ಕೆಲಸಗಳಿಗೆ ಅವಳ ಕೈ ಅಪಶಕುನವಾಗಿರಲಿಲ್ಲ. ನಮ್ಮ ಜನ ಜಾಣರು, ಅನುಕೂಲ ನೋಡಿಕೊಂಡೇ ಶಕುನ ನೋಡುತ್ತಾರೆ.

ಒಬ್ಬ ವರ್ತಕ ಗೌರಿಯ ಚಿತ್ರ ಬರೆಸಿದನು. ದೇವಿಯ ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ಬರೆಯುವುದು ರೂಢಿ. ಕಣ್ಣು ತೆರೆದವಳ ಮೊದಲ ನೋಟ ಮಂಗಳವಾದುದರ ಮೇಲೆ ಬೀಳಲಿ ಎಂದು ಎದುರಿಗೆ ಕನ್ನಡಿ, ದೀಪ ಇಟ್ಟು ಮುತ್ತೈದೆಯರನ್ನು ನಿಲ್ಲಿಸುತ್ತಾರೆ. ಕಣ್ಣಿಗೆ ಬೇಕಾದ ಕಪ್ಪನ್ನು ಮಗಳೇ ಅರೆದು ತಂದಿಟ್ಟು ಒಂದು ಬದಿಗೆ ನಿಂತಳು. ತಿಂಗಳುಗಟ್ಟಲೆ ದುಡಿದವಳಿಗೆ ಆ ಮುಖ ಕಣ್ಣು ಬಿಡುವುದನ್ನು ನೋಡುವ ಆಸೆಯಿತ್ತು. ತಂದೆ ತಲೆಯೆತ್ತದೆ, "ನೀನು ಒಳಗೆ ಹೋಗಮ್ಮ" ಎಂದನು. ಅವಳು ಹೋದಳು. ಪೂಜೆ ಮುಗಿದದ್ದೇ ತಡ, ವರ್ತಕ ಚಿತ್ರವನ್ನು ಹೊರಿಸಿಕೊಂಡು ಹೋದನು.

ಮಾರನೆಯ ದಿನ ಮಗಳು ಎಂದಿನಂತೆ ಬಣ್ಣ ಅರೆಯಲು ಕುಳಿತಳು. ಅಂದಿನಿಂದ ಕಣ್ಣು ಬರೆಯುವ ದಿನ ಬಂದರೆ ಯಾರೂ ಹೇಳದೆ ತಾನೇ ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದಳು. ಮಗಳು ತಿಳಿದವಳೆಂದು ತಂದೆ ಬಂದವರೆದುರು ಹೆಮ್ಮೆಪಡುತ್ತಿದ್ದನು.

ವಯಸ್ಸಾದ ಮೇಲೆ ಅವನ ಕರುಳು ಚುರುಕ್ಕೆಂದಿತು. ಮಗಳಿಗೆಂದೇ ಒಂದು ಗೌರಿಯನ್ನು ಬರೆದನು. ಕನ್ನಡಿ ಇಡಲಿಲ್ಲ, ಮುತ್ತೈದೆಯರನ್ನು ಕರೆಯಲಿಲ್ಲ. ಕುಂಚ ಹಿಡಿದು ಅವಳ ಕದದ ಬಳಿ ನಿಂತು, "ಬಾ ಮಗಳೇ, ತಾಯಿ ಮೊದಲು ನಿನ್ನನ್ನೇ ನೋಡಲಿ" ಎಂದನು.

ಒಳಗಿನಿಂದ ಮಗಳು ಹೇಳಿದಳು: "ಬೇಡಪ್ಪ. ನೀವು ಇಷ್ಟಪಟ್ಟು ಬರೆದದ್ದು ನನ್ನಿಂದ ಕೆಡುವುದು ಬೇಡ."

ಎಷ್ಟು ಕರೆದರೂ ಅವಳು ಕದ ತೆಗೆಯಲಿಲ್ಲ. ಮುದುಕ ಹೊಸ್ತಿಲಲ್ಲೇ ಕುಸಿದು ಕುಳಿತು ಅತ್ತನು. ಆ ಗೌರಿಗೆ ಅವನು ಕೊನೆಗೂ ಕಣ್ಣು ಬರೆಯಲಿಲ್ಲ.

ಕತೆ ಕೇಳಿದ ಶಿಷ್ಯನು ನಿಟ್ಟುಸಿರಿಟ್ಟು, "ಅವಳೇ ಬರಲೊಪ್ಪದಿದ್ದರೆ ಪಾಪ, ತಂದೆ ತಾನೇ ಏನು ಮಾಡಿಯಾನು?" ಎಂದನು.

ಗುರುಗಳು ಕೇಳಿದರು: "ನಿನ್ನ ಅಕ್ಕನನ್ನು ಮೊದಲ ಸಲ ಅಡುಗೆಮನೆಯಲ್ಲಿರು ಎಂದವರು ಯಾರಪ್ಪ?"