ಗಾಣದೆತ್ತು ನೇರ ನಡೆದದ್ದು

ಗಾಣದ ಕೆಲಸದಿಂದ ಬಿಡುಗಡೆಯಾದ ಮುದಿ ಎತ್ತುಗಳಿಗಾಗಿ ಕೊಕ್ಕರೆಯೊಂದು ಬಯಲಿನಲ್ಲಿ ಶಾಲೆ ತೆರೆಯಲು ಹೊರಟಿತು. ಮುಂದಿನ ಮಳೆಗಾಲದವರೆಗಿನ ಪಾಠಗಳನ್ನೆಲ್ಲ ಯೋಚಿಸಿಟ್ಟುಕೊಂಡು, ಎತ್ತುಗಳನ್ನು ಕರೆದು ಹೇಳಿತು:

"ಹಿರಿಯರೇ, ನೀವು ದಣಿದಿದ್ದೀರಿ. ನೆರಳಿನಲ್ಲಿ ಮಲಗುವುದನ್ನೂ ನಿಧಾನವಾಗಿ ಮೆಲುಕು ಹಾಕುವುದನ್ನೂ ಕಲಿಸುತ್ತೇನೆ."

ಕೆಂದ ಎಂಬ ಎತ್ತು ಎದ್ದು ನಿಂತಿತು. "ಗುರುಗಳೇ, ಅವೆಲ್ಲ ನಮಗೆ ಬರುತ್ತವೆ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಜೀವನವಿಡೀ ಗಾಣ ಸುತ್ತಿದವನು ನಾನು. ನನಗೆ ನೇರ ನಡೆಯುವುದನ್ನು ಕಲಿಸಿ."

"ಈ ವಯಸ್ಸಿನಲ್ಲಿ ನೇರ ನಡೆದು ಎಲ್ಲಿಗೆ ಹೋಗುತ್ತೀರಿ?"

"ಅದು ಗೊತ್ತಿದ್ದರೆ ಕಲಿಯುವುದೇನಿತ್ತು?"

ಪಾಠಗಳನ್ನೆಲ್ಲ ಗೊತ್ತುಮಾಡುವಾಗ ಕೊಕ್ಕರೆ ಎತ್ತುಗಳನ್ನು ಒಂದು ಮಾತೂ ಕೇಳಿರಲಿಲ್ಲ. ಯೋಚಿಸಿದ್ದನ್ನೆಲ್ಲ ಅಲ್ಲೇ ಕೈಬಿಟ್ಟು, ಮರುದಿನ ಬೆಳಿಗ್ಗೆ ಕೆಂದನ ಜೊತೆ ಗುಡ್ಡದ ಕಡೆ ಹೊರಟಿತು. ಹಳೆಯ ರೂಢಿಯಿಂದ ಎತ್ತಿನ ಕಾಲು ಎಡಕ್ಕೇ ಎಳೆಯುತ್ತಿತ್ತು. ಹಾಗೆ ತಿರುಗಿದಾಗಲೆಲ್ಲ ಕೊಕ್ಕರೆ ಎಡಗಡೆಗೆ ಹಾರಿ ಬಂದು ಅಡ್ಡ ನಿಲ್ಲುತ್ತಿತ್ತು. ಎಡವುತ್ತ, ಸುಧಾರಿಸಿಕೊಳ್ಳುತ್ತ ಸಂಜೆಯ ಹೊತ್ತಿಗೆ ಎರಡೂ ಗುಡ್ಡದ ನೆತ್ತಿ ಮುಟ್ಟಿದವು.

ಕೆಳಗೆ ಸಮುದ್ರವಿತ್ತು. ಕೆಂದ ಅಷ್ಟು ದೊಡ್ಡದನ್ನು ಎಂದೂ ಕಂಡಿರಲಿಲ್ಲ.

"ಗುರುಗಳೇ, ಇದು ಎಲ್ಲಿಯವರೆಗೆ ಇದೆ?"

ದಿನವೂ ಅದೇ ದಡದಲ್ಲಿ ಮೀನು ಹಿಡಿಯುತ್ತಿದ್ದ ಕೊಕ್ಕರೆ ಕತ್ತೆತ್ತಿ, ಆ ನೀರನ್ನು ಮೊದಲ ಸಲವೆಂಬಂತೆ ನೋಡಿತು.

"ನನಗೂ ಗೊತ್ತಿಲ್ಲ, ಹಿರಿಯರೇ," ಎಂದು ಮೆಲ್ಲಗೆ ಹೇಳಿ, ಎತ್ತಿನ ಪಕ್ಕದಲ್ಲಿ ವಿದ್ಯಾರ್ಥಿಯ ಹಾಗೆ ನಿಂತುಕೊಂಡಿತು.