ಕೆಳಗೇರಿಗೆ ಕೇಳಿಸಿದ ಎಚ್ಚರಿಕೆ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಕನಕಲೇಖೆಯ ಮೂರು ಒಗಟು ಬಿಡಿಸಿದವನಿಗೆ ಅವಳೊಂದಿಗೆ ಮದುವೆ, ಅರ್ಧ ರಾಜ್ಯ. ತಪ್ಪಿದವನಿಗೆ ಗಡೀಪಾರು!" ಎಂದು ಡಂಗುರದವನು ಬೀದಿ ಬೀದಿಯಲ್ಲಿ ಸಾರಿದ.

ಆ ರಾಜ್ಯದಲ್ಲಿ ಅರಮನೆಯ ಸುದ್ದಿಯೆಲ್ಲ ಜಾಲಪುಟದಲ್ಲೇ ಬರುತ್ತಿತ್ತು. ಪುಟ ಕಟ್ಟಿದವಳು ಕನಕಲೇಖೆಯೇ. ಹೋದ ಮಳೆಗಾಲ ಹೊಳೆ ಉಕ್ಕಿದಾಗ ಎಚ್ಚರಿಕೆಯನ್ನೂ ಅವಳೇ ಬರೆದು ಹಾಕಿದ್ದಳು. ಊರೆಲ್ಲ ಉಳಿಯಿತು. ಕೆಳಗೇರಿಯ ಕಣ್ಣು ಕಾಣದ ಮುದುಕಿಯೊಬ್ಬಳು ಮಾತ್ರ, ಪುಟ ಓದಿ ಹೇಳುವ ಫೋನನ್ನು ಕಿವಿಗಿಟ್ಟುಕೊಂಡೇ ಮನೆಯೊಳಗೆ ಮುಳುಗಿದಳು. ಯಾಕೆ ಹೀಗಾಯಿತೆಂದು ಕನಕಲೇಖೆ ಕೇಳಿದರೆ ಮಂತ್ರಿಗಳೆಲ್ಲ "ನಿಮ್ಮದೇನೂ ತಪ್ಪಿಲ್ಲ, ಅಮ್ಮಣ್ಣಿ" ಎನ್ನುತ್ತಿದ್ದರು. ನಿಜ ಹೇಳಬಲ್ಲವನನ್ನೇ ಮದುವೆಯಾಗುತ್ತೇನೆಂದು ಅವಳು ಹಟ ಹಿಡಿದಳು. ಮಗಳ ಕೆಲಸವನ್ನು ಯಾರೂ ಹಳಿಯಬಾರದೆಂದು ಗಡೀಪಾರಿನ ಮಾತು ಸೇರಿಸಿದವನು ರಾಜ.

ನೆರೆರಾಜ್ಯದ ರಾಜಕುಮಾರ ಮೊದಲು ಬಂದ.

"ಗೋಡೆಗಳಿವೆ, ಕಾಣುವುದಿಲ್ಲ. ಕೋಣೆಗಳಿವೆ, ಬಾಗಿಲಿಲ್ಲ. ಒಳಗಿದ್ದವರು ಕೂತಲ್ಲೇ ಕೂತಿರುತ್ತಾರೆ. ಏನದು?" ಎಂದಳು ಕನಕಲೇಖೆ.

"ಸೆರೆಮನೆ" ಎಂದ. ಅಂದೇ ಗಡಿ ದಾಟಿಸಿದರು.

ವರ್ತಕನ ಮಗ ಮೊದಲನೆಯದನ್ನು ಬಿಡಿಸಿದ. ಅವಳು ಎರಡನೆಯದನ್ನು ಕೇಳಿದಳು: "ದೂರದಲ್ಲಿ ಕೂತು ಒಂದು ಮಾತು ಬದಲಿಸಿದರೆ ಸಾವಿರ ಮನೆಗಳ ಬಣ್ಣ ಬದಲಾಗುತ್ತದೆ. ಒಳಗಿನ ಸಾಮಾನು ಮಾತ್ರ ಅಲುಗುವುದಿಲ್ಲ. ಯಾರದು?"

"ಮಹಾರಾಣಿ" ಎಂದು ಅವನೂ ಹೋದ.

ಆಸ್ಥಾನ ಕವಿ ಎರಡನ್ನೂ ಗೆದ್ದು ಮೂರನೆಯದಕ್ಕೆ "ವಿಧಿ" ಎಂದ. ಗಂಟು ಕಟ್ಟಿಕೊಂಡು ಹೊರಟ.

ಆಮೇಲೆ ಬಂದವನು ಕಂಬಳಿ ನೇಯುವ ಮೈಲಾರಿ.

"ಹಿಂದಕ್ಕೆ ಹೋಗಪ್ಪ, ಸುಮ್ಮನೆ ಊರು ಬಿಡಬೇಕಾದೀತು" ಎಂದ ರಾಜ.

"ಊರಲ್ಲಿ ನನಗೆ ಯಾರೂ ಉಳಿದಿಲ್ಲ, ಪ್ರಭೂ."

ಎರಡು ಒಗಟುಗಳನ್ನೂ ಕೇಳಿ ಅವನು ಮೆಲ್ಲಗೆ ಹೇಳಿದ: "ಮೊದಲನೆಯದು ಗೆರೆ ಕಾಣದ ಕೋಷ್ಟಕ, ಅಮ್ಮಣ್ಣಿ. ಮಾತನ್ನು ಎಡಕ್ಕೊಂದು ಬಲಕ್ಕೊಂದು ಕೂರಿಸಲು ನೀವು ಬಳಸಿದ್ದು. ಎರಡನೆಯದು ಸ್ಟೈಲ್‌ಶೀಟು. ಅಂದಚಂದವನ್ನೆಲ್ಲ ಅದರಲ್ಲಿ ಬೇರೆಯಾಗಿ ಬರೆದಿಟ್ಟರೆ ಎಲ್ಲ ಪುಟಗಳೂ ಅದರಂತೆ ಕಾಣುತ್ತವೆ. ಬರೆದ ಮಾತು ಇದ್ದ ಕ್ರಮದಲ್ಲೇ ಇರುತ್ತದೆ."

ಕನಕಲೇಖೆ ಮೂರನೆಯದನ್ನು ಕೇಳಿದಳು: "ಬರೆದ ಪ್ರತಿ ಪದವೂ ನಿಜ. ಆದರೂ ನಂಬಿದವಳು ಸತ್ತಳು. ಯಾಕೆ?"

"ಆ ಪುಟವನ್ನು ಆಮೇಲೆ ಬಿಚ್ಚಿ ನೋಡಿ ನೋಡಿಯೇ ಇದನ್ನೆಲ್ಲ ಕಲಿತೆ, ಅಮ್ಮಣ್ಣಿ. ಎಚ್ಚರಿಕೆಯಲ್ಲಿ ಎಡಗಡೆ ‘ಕೆಳಗೇರಿಯವರು’, ಅದರ ಕೆಳಗೆ ‘ಗುಡ್ಡ ಹತ್ತಿ’ ಅಂತಿತ್ತು. ಬಲಗಡೆ ‘ಮೇಲುಗೇರಿಯವರು’, ಅದರ ಕೆಳಗೆ ‘ಮನೆಯಲ್ಲೇ ಇರಿ’. ಕಣ್ಣಿದ್ದವರು ಮೇಲಿಂದ ಕೆಳಗೆ ಓದಿಕೊಂಡರು. ಫೋನು ಕೋಷ್ಟಕವನ್ನು ಅಡ್ಡಸಾಲಾಗಿ ಓದುತ್ತದೆ. ‘ಕೆಳಗೇರಿಯವರು, ಮೇಲುಗೇರಿಯವರು, ಗುಡ್ಡ ಹತ್ತಿ, ಮನೆಯಲ್ಲೇ ಇರಿ.’ ಅವ್ವನಿಗೆ ದಿಕ್ಕು ತೋಚಲಿಲ್ಲ. ಕೊನೆಯ ಮಾತನ್ನೇ ನಂಬಿದಳು."

ರಾಜ ಸಿಂಹಾಸನದಿಂದ ಎದ್ದು ನಿಂತ.

"ಆವತ್ತು ನಾನು ಸಂತೆಯಲ್ಲಿದ್ದೆ. ಅರಮನೆ ಹೇಳಿದಂಗೆ ಮಾಡವ್ವಾ ಅಂತ ಫೋನಲ್ಲಿ ಹೇಳಿದವನು ನಾನೇ" ಎಂದ ಮೈಲಾರಿ.

"ಕೋಷ್ಟಕ, ಸ್ಟೈಲ್‌ಶೀಟು ಎರಡೂ ಗೊತ್ತಿದ್ದವು ನನಗೆ" ಎಂದಳು ಕನಕಲೇಖೆ. "ಕೋಷ್ಟಕದಲ್ಲಿ ಬೇಗ ಆಗುತ್ತದೆ, ನೋಡಲೂ ನೆಟ್ಟಗಿರುತ್ತದೆ ಅಂತ ಅದನ್ನೇ ಆರಿಸಿಕೊಂಡೆ. ಒಂದು ಸಲವಾದರೂ ಕಿವಿಗೊಟ್ಟು ಕೇಳಬೇಕಿತ್ತು. ನಿನ್ನ ಅವ್ವನ ಹೆಸರೇನು?"

"ಸಿದ್ದವ್ವ."

ರಾಜ ಕೊಟ್ಟ ಮಾತಿನಂತೆ ಮದುವೆಯ ಮಾತೆತ್ತಿದ. ಮೈಲಾರಿ ತಲೆ ಅಲ್ಲಾಡಿಸಿದ. "ಅಮ್ಮಣ್ಣಿ ಮೇಲೆ ಸಿಟ್ಟಿಲ್ಲ, ಪ್ರಭೂ. ಆದರೆ ಈ ಮನೆಗೆ ಅಳಿಯನಾಗಿ ಬರಲಾರೆ. ಅರ್ಧ ರಾಜ್ಯವೂ ಬೇಡ. ಪುಟ ನೋಡಿಕೊಳ್ಳುವ ಕೆಲಸ ಕೊಡಿ. ಹೊರಗೆ ಹಾಕಿದವರನ್ನು ಕರೆಸಿ."

ರಾಜ ಒಪ್ಪಿದ. ಕವಿಯೂ ವರ್ತಕನ ಮಗನೂ ಬಂದರು. ಆ ರಾಜಕುಮಾರ ಬರಲಿಲ್ಲ.

ಹಳೆಯ ಪುಟವನ್ನು ಕನಕಲೇಖೆ ತನ್ನ ಕೈಯಾರೆ ಬಿಚ್ಚಿದಳು. ಪೇಟೆಯ ದರಪಟ್ಟಿಯನ್ನು ತೆಗೆಯಹೋದಾಗ ಮೈಲಾರಿ ತಡೆದ: "ಅದು ಇರಲಿ, ಅಮ್ಮಣ್ಣಿ. ಸಾಮಾನು, ಅದರ ದರ ಅಂತ ಅಡ್ಡಸಾಲಾಗಿ ಓದಿದರೇ ಅರ್ಥವಾಗುವುದು, ಅಲ್ಲಿ ಕೋಷ್ಟಕವೇ ಸರಿ." ಉಳಿದದ್ದಕ್ಕೆಲ್ಲ ಸ್ಟೈಲ್‌ಶೀಟು ಬರೆದರು. ಅವಳು ಕೊನೆಗೂ ಮದುವೆಯಾಗಲಿಲ್ಲ. ಹೊಸ ಪುಟ ಯಾವುದೇ ಇರಲಿ, ಜನಕ್ಕೆ ಬಿಡುವ ಮೊದಲು ಕಣ್ಣು ಮುಚ್ಚಿ, ಫೋನು ಓದುವುದನ್ನು ಪೂರ್ತಿ ಕೇಳುತ್ತಿದ್ದಳು.