ಎರಡನೆಯ ಕುರ್ಚಿ

“ಬುದ್ಧಿ, ಗುರು ಬರೆದದ್ದರಲ್ಲಿ ಶಿಷ್ಯ ತಪ್ಪು ಹುಡುಕುವುದು ಸರಿಯೇ?”

ಮರುಳಸಿದ್ಧ ಹೀಗೆ ಕೇಳುವುದಕ್ಕೆ ಕಾರಣವಿತ್ತು. ಮಠದ ಶಾಲೆಯ ಮಕ್ಕಳಿಗಾಗಿ ಗುರುಗಳು ಒಂದು ಪಾಠದ ಪುಸ್ತಕ ಬರೆದಿದ್ದರು. ಮರುದಿನ ಅದು ಅಚ್ಚಿಗೆ ಹೋಗಬೇಕು. ಅದಕ್ಕೆ ಮೊದಲು ಒಮ್ಮೆ ಓದಿ, ತಪ್ಪಿದ್ದಲ್ಲಿ ಗುರುತು ಹಾಕು ಎಂದು ಕೈಬರಹದ ಕಟ್ಟನ್ನೂ ಒಂದು ಪೆನ್ಸಿಲ್ಲನ್ನೂ ಅವನಿಗೆ ಕೊಟ್ಟಿದ್ದರು. ಅವನು ಎರಡು ದಿನ ಕೂತು ಓದಿದ. ಓದುವಾಗ ಒಂದೆರಡು ಕಡೆ ಕೈ ತಡೆಯಿತು. ಗುರುಗಳು ಬರೆದ ಮೇಲೆ ಅದಕ್ಕೂ ಒಂದು ಅರ್ಥವಿದ್ದೀತು ಎಂದುಕೊಂಡು ಪುಟ ಮಗುಚಿದ. ಕಟ್ಟನ್ನು ತಂದು ಒಪ್ಪಿಸಿದಾಗ ಅದರಲ್ಲಿ ಒಂದು ಗುರುತೂ ಇರಲಿಲ್ಲ.

ಗುರುಗಳು ಕಟ್ಟನ್ನು ಬಿಚ್ಚಲಿಲ್ಲ. ಪೆನ್ಸಿಲ್ಲನ್ನು ಮಾತ್ರ ಕೈಗೆ ತೆಗೆದುಕೊಂಡು ಅದರ ಮೊನೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಕೆತ್ತಿ ಕೊಟ್ಟ ಮೊನೆ ಕೊಟ್ಟ ಹಾಗೆಯೇ ಇತ್ತು.

“ಕೂತುಕೋ. ಒಂದು ಕತೆ ಹೇಳುತ್ತೇನೆ” ಎಂದರು.

ಒಂದು ಪಟ್ಟಣದಲ್ಲಿ ಒಂದು ಕಚೇರಿ ಇತ್ತು. ಆ ಕಚೇರಿಗೆ ಒಂದು ಗಣಕಯಂತ್ರ ಬಂತು. ಇದು ಈಗಿನ ಮಾತಲ್ಲ. ಈಗ ಅಂಗೈಯಲ್ಲಿ ಹಿಡಿಸುವ ಯಂತ್ರಕ್ಕೆ ಆಗ ಒಂದು ಛತ್ರದಷ್ಟು ಜಾಗ ಬೇಕಾಗುತ್ತಿತ್ತು. ಅದರ ಹೊಟ್ಟೆಯಲ್ಲಿ ದೀಪದ ಬುರುಡೆಯಂಥ ಸಾವಿರಾರು ಗಾಜಿನ ವಾಲ್ವುಗಳು ಉರಿಯುತ್ತಿದ್ದವು. ದಿನಕ್ಕೆ ಒಂದೋ ಎರಡೋ ಸುಟ್ಟುಹೋಗುತ್ತಿದ್ದವು. ಸುಟ್ಟದ್ದು ಯಾವುದೆಂದು ಹುಡುಕಿ ಬದಲಿಸುವುದಕ್ಕೇ ಒಬ್ಬ ಮನುಷ್ಯನನ್ನು ಇಟ್ಟಿದ್ದರು. ದೊಡ್ಡ ಸಾಹೇಬರ ಕೋಣೆಗೂ ಇಲ್ಲದ ತಂಪುಗಾಳಿಯ ಏರ್ಪಾಡು ಅದಕ್ಕಿತ್ತು. ಇಷ್ಟೆಲ್ಲ ಸೇವೆ ಮಾಡಿಸಿಕೊಳ್ಳುತ್ತಿದ್ದ ಆ ಯಂತ್ರಕ್ಕೆ ಓದಲು ಬರುತ್ತಿರಲಿಲ್ಲ. ಕಾಗದದ ಮೇಲೆ ಏನು ಬರೆದರೂ ಅದಕ್ಕೆ ತಿಳಿಯದು. ದಪ್ಪ ಕಾರ್ಡಿನಲ್ಲಿ ಸಣ್ಣ ಸಣ್ಣ ತೂತು ಹೊಡೆದು ಉಣಿಸಿದರೆ ಮಾತ್ರ ತಿಳಿಯುತ್ತಿತ್ತು.

ತೂತು ಹೊಡೆಯುವ ಕೆಲಸಕ್ಕೆ ಪಕ್ಕದ ಕೋಣೆಯಲ್ಲಿ ಎರಡು ಕುರ್ಚಿ ಹಾಕಿದ್ದರು. ಮೊದಲನೆಯ ಕುರ್ಚಿಯಲ್ಲಿ ಕೂರುವವಳು ರೆಜಿನಾ. ಕಾಗದದಲ್ಲಿದ್ದ ಅಂಕಿಗಳನ್ನು ನೋಡುತ್ತ ಅವಳು ಕೀಲಿ ಒತ್ತಿದರೆ ಕಾರ್ಡಿನಲ್ಲಿ ತೂತು ಬೀಳುತ್ತಿತ್ತು. ಎರಡನೆಯ ಕುರ್ಚಿಯಲ್ಲಿ ಕೂರುವವಳು ಚಂದ್ರಮತಿ. ಅವಳ ಮುಂದೆಯೂ ಅಂಥದೇ ಯಂತ್ರವಿತ್ತು, ಆದರೆ ಅದು ತೂತು ಹೊಡೆಯುತ್ತಿರಲಿಲ್ಲ. ರೆಜಿನಾ ಮುಗಿಸಿದ ಕಾರ್ಡನ್ನು ಅದರೊಳಗೆ ಇಟ್ಟು, ಅದೇ ಕಾಗದವನ್ನು ನೋಡುತ್ತ, ಅದೇ ಅಂಕಿಗಳನ್ನು ಇವಳು ಇನ್ನೊಮ್ಮೆ ಒತ್ತಬೇಕು. ಇವಳು ಒತ್ತಿದ್ದೂ ಅವಳು ಹೊಡೆದ ತೂತೂ ಒಂದೇ ಆದರೆ ಕಾರ್ಡು ಮುಂದಕ್ಕೆ ಸರಿಯುತ್ತಿತ್ತು. ಬೇರೆಯಾದರೆ ಕೀಲಿಗಳು ಬಿಗಿದುಕೊಂಡು ಒಂದು ಕೆಂಪು ದೀಪ ಹತ್ತುತ್ತಿತ್ತು.

ಬೆರಳು ಜಾರುವುದು ಎಲ್ಲರಿಗೂ ಉಂಟು. ಅದಕ್ಕಾಗಿ ಒಂದೊಂದು ಅಂಕಿಗೆ ಮೂರು ಸಲ ಅವಕಾಶ. ಮೂರನೆಯ ಸಲವೂ ಹೊಂದದಿದ್ದರೆ ಯಂತ್ರವೇ ಕಾರ್ಡಿನ ತಲೆಗೆ ಒಂದು ಕಚ್ಚು ಹಾಕುತ್ತಿತ್ತು. ಆ ಕಾರ್ಡು ಮೊದಲನೆಯ ಕುರ್ಚಿಗೆ ಹಿಂದಿರುಗಬೇಕು. ಎಲ್ಲವೂ ಹೊಂದಿದರೆ ಬಲಗಡೆಯ ಅಂಚಿಗೆ ಕಚ್ಚು ಬೀಳುತ್ತಿತ್ತು. ಬಲಗಡೆ ಕಚ್ಚು ಇದ್ದ ಕಾರ್ಡು ಸಾಚಾ ಎಂದು ಲೆಕ್ಕ. ಆಮೇಲೆ ಅದನ್ನು ಯಾರೂ ಮುಟ್ಟಿ ನೋಡುತ್ತಿರಲಿಲ್ಲ. ಹೀಗಾಗಿ ಎರಡನೆಯ ಕುರ್ಚಿಗೆ ಇದ್ದದ್ದು ಒಂದೇ ನಿಯಮ: ಕಾಗದದಲ್ಲಿ ಕಣ್ಣಿಗೆ ಕಂಡದ್ದನ್ನು ಒತ್ತು.

ಚಂದ್ರಮತಿ ಕೆಲಸಕ್ಕೆ ಸೇರಿದಾಗ ಅವಳಿಗೆ ಕೀಲಿ ಯಾವುದು, ಕಾರ್ಡು ಯಾವುದು ಒಂದೂ ಗೊತ್ತಿರಲಿಲ್ಲ. ಕೈ ಹಿಡಿದು ಕಲಿಸಿದವಳು ರೆಜಿನಾ. ಬೆರಳು ತಪ್ಪಿದಾಗ ಬೈಯಲಿಲ್ಲ. ಊಟದ ಡಬ್ಬಿ ತರದ ದಿನ ತನ್ನದರಲ್ಲಿ ಅರ್ಧ ಕೊಟ್ಟಳು. ಹನ್ನೊಂದು ವರ್ಷದ ಅನುಭವದವಳು, ಅವಳ ಕಾರ್ಡಿನಲ್ಲಿ ತಪ್ಪು ಸಿಗುವುದೇ ಅಪರೂಪ. ಸಿಕ್ಕರೂ ಸಣ್ಣಪುಟ್ಟದ್ದು. ಚಂದ್ರಮತಿಗೆ ಅವಳೆಂದರೆ ಸ್ವಂತ ಅಕ್ಕನಿಗಿಂತ ಒಂದು ಕೈ ಹೆಚ್ಚು.

ಒಂದು ಸಲ ಆ ಕೋಣೆಗೆ ಒಂದು ಹೊಳೆಯ ನೀರಿನ ಮಟ್ಟದ ಪುಸ್ತಕಗಳು ಬಂದವು. ತೊಂಬತ್ತು ವರ್ಷದ ಪುಸ್ತಕಗಳು. ಹೊಳೆಯ ಕಡವಿನಲ್ಲಿ ಒಂದು ಅಳತೆಯ ಕಂಬವಿತ್ತು. ಮಳೆಗಾಲದಲ್ಲಿ ದಿನವೂ ನೀರು ಎಷ್ಟು ಅಡಿ ಏರಿದೆ ಎಂದು ಅಲ್ಲಿಯ ಕಾವಲುಗಾರರು ತಲೆಮಾರುಗಳಿಂದ ಬರೆದಿಟ್ಟಿದ್ದರು. ಪುಸ್ತಕದ ಜೊತೆ ಬಂದ ಎಂಜಿನಿಯರು ಇಬ್ಬರಿಗೂ ತಿಳಿಸಿ ಹೇಳಿದರು. ಹೊಳೆಯ ಅಂಚಿನಲ್ಲಿ ನಲವತ್ತು ಅಂಬಿಗರ ಮನೆಗಳಿವೆ. ಪ್ರತಿ ಮಳೆಗಾಲದಲ್ಲೂ ಕೊಚ್ಚಿಹೋಗುತ್ತವೆ. ಸರಕಾರ ಅವರಿಗೆ ಎತ್ತರದಲ್ಲಿ ಮನೆ ಕಟ್ಟಿಕೊಡಲಿದೆ. ಎಷ್ಟು ಎತ್ತರದಲ್ಲಿ ಎಂಬುದನ್ನು ಈ ಯಂತ್ರ ಹೇಳಬೇಕು. ಅದು ಹೇಳಿದ ಕಡೆ ಗಡಿಕಲ್ಲು ನೆಟ್ಟು, ಅದರ ಮೇಲ್ಗಡೆ ಮನೆ ಕಟ್ಟುತ್ತಾರೆ. “ನಿಮ್ಮ ಬೆರಳಿನ ಮೇಲೆ ಆ ಮಕ್ಕಳು ಮಲಗ್ತಾರಮ್ಮಾ, ನೋಡ್ಕೊಂಡು ಮಾಡಿ” ಎಂದು ಹೇಳಿ ಹೋದರು.

ಇಬ್ಬರೂ ನೋಡಿಕೊಂಡೇ ಮಾಡಿದರು. ಎರಡು ತಿಂಗಳು ತಲೆ ಎತ್ತದೆ ದುಡಿದರು.

ಒಂದು ಮಧ್ಯಾಹ್ನ ಚಂದ್ರಮತಿಯ ಮುಂದೆ ಬಹಳ ಹಿಂದಿನ ಒಂದು ಪುಟ ಬಂತು. ಆ ವರ್ಷ ದೊಡ್ಡ ನೆರೆ ಬಂದಿರಬೇಕು. ಪುಟವೇ ನೀರು ಕುಡಿದು ಮಸಿ ಹರಡಿಕೊಂಡಿತ್ತು. ಮೊದಲ ದಿನ ಇಪ್ಪತ್ತೊಂಬತ್ತು ಅಡಿ. ಒತ್ತಿದಳು, ಹೊಂದಿತು. ಮರುದಿನ ಮೂವತ್ತೇಳು. ಏಳರ ತಲೆಯ ಗೀಟು ಮಸಿಯಲ್ಲಿ ಮಸುಕಾಗಿತ್ತು, ಆದರೆ ಇತ್ತು. ಮೂರು ಒತ್ತಿದಳು, ಹೊಂದಿತು. ಏಳು ಒತ್ತಿದಳು. ಕೆಂಪು ದೀಪ ಹತ್ತಿತು.

ಬೆರಳು ಜಾರಿರಬೇಕು ಎಂದುಕೊಂಡು ಮತ್ತೆ ಏಳನ್ನೇ ಒತ್ತಿದಳು. ಮತ್ತೆ ದೀಪ ಹತ್ತಿತು.

ಉಳಿದದ್ದು ಒಂದು ಸಲ. ಈಗಲೂ ಏಳು ಒತ್ತಿದರೆ ಕಾರ್ಡಿನ ತಲೆಗೆ ಕಚ್ಚು ಬೀಳುತ್ತದೆ. ಅದನ್ನು ಹಿಡಿದುಕೊಂಡು ಅಕ್ಕನ ಹತ್ತಿರ ಹೋಗಿ, ಇಲ್ಲಿ ನಿಮಗೆ ತಪ್ಪಿದೆ ಎನ್ನಬೇಕು. ಅದೂ ಮಸಿ ಹರಡಿದ ಅಂಕಿಗೆ. ಚಂದ್ರಮತಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. ಏಳೇ. ಆದರೆ ಹನ್ನೊಂದು ವರ್ಷ ಇದನ್ನೇ ನೋಡಿದ ಕಣ್ಣಿಗೆ ಬೇರೇನೋ ಕಂಡಿದೆ, ತಲೆಯ ಗೀಟು ಬಿಟ್ಟರೆ ಅದು ಒಂದು. ತಾನು ನಿನ್ನೆ ಮೊನ್ನೆ ಬಂದವಳು. ಹಿಂದಿನ ದಿನ ಇಪ್ಪತ್ತೊಂಬತ್ತು, ಮುಂದಿನ ದಿನ ಮೂವತ್ತು. ನಡುವೆ ಮೂವತ್ತೊಂದು ಎಂದರೆ ಸರಾಗವಾಗಿ ಕೂರುತ್ತದೆ. ಅಕ್ಕ ಅದನ್ನೆಲ್ಲ ಯೋಚಿಸಿಯೇ ಹೊಡೆದಿರುತ್ತಾರೆ. ಹೀಗೆ ಅಂದುಕೊಂಡು ಅವಳು ಒಂದನ್ನು ಒತ್ತಿದಳು.

ದೀಪ ಆರಿತು. ಕಾರ್ಡು ಸರಿಯಿತು. ಕೊನೆಯಲ್ಲಿ ಬಲಗಡೆಯ ಅಂಚಿಗೆ ಕಚ್ಚು ಬಿತ್ತು. ಚಂದ್ರಮತಿಗೆ ಹಾಯೆನಿಸಿತು. ಅಕ್ಕನನ್ನು ಅನುಮಾನಿಸಿದ್ದಕ್ಕೆ ಒಳಗೊಳಗೇ ನಾಚಿಕೆಯೂ ಆಯಿತು.

ಕಾರ್ಡುಗಳೆಲ್ಲ ದೊಡ್ಡ ಯಂತ್ರದ ಹೊಟ್ಟೆಗೆ ಹೋದವು. ತೊಂಬತ್ತು ವರ್ಷದಲ್ಲಿ ಹೊಳೆ ಅತಿ ಹೆಚ್ಚು ಏರಿದ್ದು ಮೂವತ್ತೆರಡು ಅಡಿ ಎಂದು ಅದು ಹೇಳಿತು. ಯಂತ್ರ ಸುಳ್ಳು ಹೇಳಲಿಲ್ಲ, ಉಣಿಸಿದ್ದನ್ನು ಹೇಳಿತು. ಎಂಜಿನಿಯರು ಇನ್ನೆರಡು ಅಡಿ ಸೇರಿಸಿ ಮೂವತ್ತನಾಲ್ಕರಲ್ಲಿ ಕಲ್ಲು ನೆಡಿಸಿದರು. ನಲವತ್ತು ಮನೆಗಳೆದ್ದವು. ಮಣ್ಣಿನ ಗೋಡೆ, ಹೆಂಚಿನ ಮಾಡು. ಅಂಬಿಗರು ಹಾಲುಕ್ಕಿಸಿ ಒಳಗೆ ಹೋದರು. ಯಂತ್ರ ಹೇಳಿದ ಜಾಗ ಎಂದು ಹೆಮ್ಮೆಯಿಂದ ಹೇಳಿಕೊಂಡರು.

ಮೂರು ಮಳೆಗಾಲ ಕಳೆದವು. ನಾಲ್ಕನೆಯದರಲ್ಲಿ ಹೊಳೆ ಮೂವತ್ತೇಳು ಅಡಿ ಏರಿತು. ಅದು ತನ್ನ ಹಳೆಯ ಗುರುತನ್ನು ಮರೆತಿರಲಿಲ್ಲ. ನಡುಮಧ್ಯಾಹ್ನ, ಗಂಡಸರೆಲ್ಲ ಆಚೆ ದಡದಲ್ಲಿ ಸಿಕ್ಕಿಬಿದ್ದಿದ್ದವರನ್ನು ಕರೆತರಲು ದೋಣಿ ತೆಗೆದುಕೊಂಡು ಹೋಗಿದ್ದರು. ಕಲ್ಲು ದಾಟಿ ನೀರು ಬರುವುದಿಲ್ಲ ಎಂದು ಹೆಂಗಸರು ಮಕ್ಕಳನ್ನು ಒಳಗೇ ಕೂರಿಸಿಕೊಂಡಿದ್ದರು. ನೆನೆದ ಗೋಡೆಗಳು ಕುಸಿದವು. ಆರು ಜನ ಹೋದರು. ಆರರಲ್ಲಿ ನಾಲ್ಕು ಮಕ್ಕಳು.

ವಿಚಾರಣೆ ಬಂತು. ಬೀರುವಿನಿಂದ ಕಾರ್ಡು ಹೊರಬಿತ್ತು, ಪುಸ್ತಕ ಹೊರಬಿತ್ತು. ಕಾರ್ಡಿನ ಬಲಗಡೆ ಕಚ್ಚು ಇತ್ತು. ಇಬ್ಬರ ಕಣ್ಣಿಗೂ ಒಂದು ಎಂದೇ ಕಂಡಿದೆ, ಮಸಿ ಹರಡಿದ ಅಂಕಿಗೆ ಯಾರನ್ನು ದೂರುವುದು ಎಂದು ಬರೆದು ಕಡತ ಮುಚ್ಚಿದರು. ಚಂದ್ರಮತಿಯನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಅನ್ನದೆ ಇದ್ದದ್ದೇ ಅವಳಿಗೆ ತಡೆಯಲಾಗಲಿಲ್ಲ. ಬಸ್ಸು ಹತ್ತಿ ಆ ಊರಿಗೆ ಹೋದಳು. ಗಡಿಕಲ್ಲು ಕೆಸರಿನಲ್ಲಿ ಹೂತಿತ್ತು. ಒಬ್ಬ ಹೆಂಗಸು ಕುಸಿದ ಗೋಡೆಯ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹಾಕುತ್ತಿದ್ದಳು. ಅವಳು ಇವಳನ್ನು ನೋಡಿ, ಬಿಸಿಲಲ್ಲಿ ಯಾಕವ್ವಾ ನಿಂತಿದೀಯ ಎಂದು ನೆರಳು ತೋರಿಸಿದಳು. ಚಂದ್ರಮತಿ ನೆರಳಿಗೆ ಹೋಗಲಿಲ್ಲ. ಹಿಂದಿರುಗಿ ಬಂದು ನೆಟ್ಟಗೆ ರೆಜಿನಾಳ ಮುಂದೆ ನಿಂತಳು.

“ಅಕ್ಕಾ, ನಂಗೆ ಏಳು ಅಂತ್ಲೇ ಕಾಣ್ತು. ಎರಡು ಸಲ ಏಳನ್ನೇ ಒತ್ತಿದೆ. ದೀಪ ಆರ್ಲಿಲ್ಲ. ನೀವು ತಪ್ಪು ಮಾಡೋರಲ್ಲ ಅಂತ ಒಂದನ್ನ ಒತ್ತಿಬಿಟ್ಟೆ.”

ರೆಜಿನಾ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ತಪ್ಪು ತನ್ನ ಕೈಯಿಂದಲೇ ಮೊದಲಾದದ್ದು ಎಂಬುದು ಅವಳಿಗೆ ಗೊತ್ತಿತ್ತು. ಆ ಆರು ಜನರನ್ನು ಅವಳೂ ಹೊತ್ತಿದ್ದಳು.

“ನಾನು ತಪ್ತೀನಿ ಅಂತ ಗೊತ್ತಿದ್ದೇ ಕಣೇ ನಿನ್ನನ್ನ ಅಲ್ಲಿ ಕೂರ್ಸಿದ್ದು” ಎಂದಳು. “ಮರ್ಯಾದೆ ಕೊಡೋಕೆ ಬೇರೆ ಹೊತ್ತಿತ್ತು. ಆ ಹೊತ್ತಲ್ಲಿ ನಂಗೆ ಬೇಕಾಗಿದ್ದು ನಿನ್ನ ಕಣ್ಣು.”

ಆಮೇಲೆ ಕಾಲ ಓಡಿತು. ವಾಲ್ವುಗಳು ಹೋಗಿ ಟ್ರಾನ್ಸಿಸ್ಟರು ಬಂತು. ಛತ್ರದಷ್ಟಿದ್ದ ಯಂತ್ರ ಕೋಣೆಯಷ್ಟಾಯಿತು, ಕೋಣೆಯಷ್ಟಿದ್ದದ್ದು ಬೀರುವಿನಷ್ಟಾಯಿತು. ಹಳೆಯದನ್ನು ಗುಜರಿಯವನು ಲಾರಿಯಲ್ಲಿ ಹೇರಿಕೊಂಡು ಹೋದ. ಕಡೆಗೆ ಮೇಜಿನ ಮೇಲೆ ಕೂರುವ ಯಂತ್ರ ಬಂತು. ಮೇಜಿಗೊಂದು ಯಂತ್ರ, ಯಂತ್ರಕ್ಕೊಬ್ಬ ಮನುಷ್ಯ. ಕಾರ್ಡಿಲ್ಲ, ತೂತಿಲ್ಲ, ಒತ್ತಿದ್ದು ಒತ್ತಿದ ಹಾಗೆ ಗಾಜಿನ ಮೇಲೆ ಮೂಡುತ್ತದೆ. ಇನ್ನು ಎರಡನೆಯವರು ಯಾಕೆ ಎಂದು ಕಚೇರಿಯವರು ಆ ಕುರ್ಚಿಯನ್ನೂ ಗುಜರಿಗೆ ಹಾಕಲು ಹೊರಟರು. ಅಷ್ಟು ಹೊತ್ತಿಗೆ ರೆಜಿನಾ ತೀರಿಕೊಂಡಿದ್ದಳು, ಚಂದ್ರಮತಿಯೇ ಹಿರಿಯಳಾಗಿದ್ದಳು. ಅವಳು ಕುರ್ಚಿಯನ್ನು ಬಿಟ್ಟುಕೊಡಲಿಲ್ಲ. ತನ್ನ ಮೇಜಿನ ಪಕ್ಕಕ್ಕೆ ಎಳೆದು ಹಾಕಿಕೊಂಡಳು. ಕಚೇರಿಯಲ್ಲಿ ನಕ್ಕರು. ನಕ್ಕರೆ ನಗಲಿ ಎಂದು ಬಿಟ್ಟಳು.

ಹೊಸದಾಗಿ ಕೆಲಸಕ್ಕೆ ಬಂದವರನ್ನೆಲ್ಲ ಮೊದಲು ಆ ಕುರ್ಚಿಯಲ್ಲಿ ಕೂರಿಸುತ್ತಿದ್ದಳು. ಬಂದವರು ಕೈಕಟ್ಟಿ, ನೀವು ಹೇಳಿದ ಹಾಗೆ ಮೇಡಂ ಎನ್ನುತ್ತಿದ್ದರು. ಚಂದ್ರಮತಿಗೆ ಮೈ ಉರಿಯುತ್ತಿತ್ತು. “ನಾನು ಹೇಳಿದ ಹಾಗೆ ಒತ್ತೋಕೆ ನಾನೇ ಇದೀನಲ್ಲಾ, ನೀನ್ಯಾಕೆ? ನನಗೆ ತಪ್ಪಿದ್ದು ನಿನ್ನ ಕಣ್ಣಿಗೆ ಬಿದ್ರೆ ಬಾಯಿ ಬಿಡು. ನಿನಗೆ ಸಂಬಳ ಅದಕ್ಕೇ” ಎನ್ನುತ್ತಿದ್ದಳು. ಬಾಯಿ ಬಿಟ್ಟವರ ಮೇಲೆ ಅವಳು ಒಂದು ದಿನವೂ ಮುನಿಸಿಕೊಳ್ಳಲಿಲ್ಲ. ಮಳೆಗಾಲ ಶುರುವಾದ ಮೊದಲ ದಿನ ಮಾತ್ರ ಆ ಕುರ್ಚಿಯಲ್ಲಿ ಯಾರನ್ನೂ ಕೂರಗೊಡುತ್ತಿರಲಿಲ್ಲ. ತಾನೇ ಅದರಲ್ಲಿ ಕೂತು, ಸಂಜೆಯವರೆಗೆ ಯಾರೊಡನೆಯೂ ಮಾತಾಡದೆ ಕೆಲಸ ಮಾಡಿ ಮನೆಗೆ ಹೋಗುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ ತಲೆ ತಗ್ಗಿಸಿ ಕೂತಿದ್ದ. ಶಾಲೆಯ ಕಡೆಯಿಂದ ಮಕ್ಕಳು ಒಟ್ಟಾಗಿ ಪಾಠ ಒಪ್ಪಿಸುವುದು ಕೇಳುತ್ತಿತ್ತು. ಉಪಾಧ್ಯಾಯರು ಒಂದು ಸಾಲು ಹೇಳುತ್ತಿದ್ದರು, ಮಕ್ಕಳು ಅದನ್ನು ಹಾಗೆಯೇ ಹೇಳುತ್ತಿದ್ದರು. ನಾಳೆ ಅಚ್ಚಿಗೆ ಹೋಗುವುದನ್ನೂ ಅವರು ಹಾಗೆಯೇ ಹೇಳುವವರು.

ಗುರುಗಳು ಕಟ್ಟನ್ನು ಅವನ ಕಡೆಗೆ ಸರಿಸಿದರು. ಅದು ಎಲ್ಲಿದೆಯೆಂದು ಕೈಯಿಂದ ತಡವಿ ನೋಡಿ, ಪೆನ್ಸಿಲ್ಲನ್ನು ಅದರ ಮೇಲೆ ಇಟ್ಟರು.

“ಪೊರೆ ಬಂದ ಕಣ್ಣಲ್ಲಿ ಬರೆದದ್ದಪ್ಪಾ ಇದು, ನಿನಗೆ ಕೆಂಪು ದೀಪ ಹತ್ತಿದ್ದು ಯಾವ ಯಾವ ಪುಟದಲ್ಲಿ?”